ಮಡಿ ನೀರು

ಪುಣೆ
20 ಜುಲೈ 1986

ಅಶ್ವತ್ಥೀ,

ಬಂದು ಸೇರಿದೆ. ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸುತ್ತೇನೆ, ಉಳಿದದ್ದು ಆಮೇಲೆ. ಹಾಸ್ಟೆಲ್ಲಿನ ಊಟ ಅಸಹ್ಯ. ಬೇಳೆಗೆ ಸಕ್ಕರೆ ಹಾಕುತ್ತಾರೆ ಕಣೇ, ಸಕ್ಕರೆ! ಬಚ್ಚಲ ಬಾಗಿಲಿಗೆ ಚಿಲಕವಿಲ್ಲ, ಒಳಗಿರುವವರು ಗಟ್ಟಿಯಾಗಿ ಹಾಡುತ್ತಲೇ ಸ್ನಾನ ಮಾಡಬೇಕು. ನನ್ನ ದನಿ ನಿನಗೆ ಗೊತ್ತಲ್ಲ. ನಿನ್ನೆ ಪಕ್ಕದ ರೂಮಿನವಳು ಬಂದು ಯಾರಿಗಾದರೂ ಮೈಗೆ ಹುಷಾರಿಲ್ಲವಾ ಎಂದು ಕೇಳಿ ಹೋದಳು.

ಒಳ್ಳೆಯ ಸುದ್ದಿ ಏನೆಂದರೆ ನನ್ನ ಪಿಎಚ್.ಡಿ. ಗೈಡು ನಮ್ಮ ಕಡೆಯವರು, ಗೌರಿಬಿದನೂರಿನ ಹತ್ತಿರ. ಇಷ್ಟು ದೂರ ಬಂದು ಕನ್ನಡ ಕೇಳಿದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಶಿಡ್ಲಘಟ್ಟದಲ್ಲಿ ಯಾರ ಮನೆಯಮ್ಮ?" ಅಂದರು. "ಉಸ್ಮಾನ್ ಸಾಬ್ ಮಗಳು ಸಾರ್, ನಮ್ಮದು ರೇಷ್ಮೆ ನೂಲು ತೆಗೆಯೋ ಫಿಲೇಚರ್" ಅಂದೆ. "ಓಹೋ, ಗೂಡು ಬೇಯಿಸೋರು. ಆ ಬೀದೀಲಿ ಮೂಗು ಮುಚ್ಕೊಂಡೇ ಓಡಾಡಿದೀನಿ" ಎಂದು ನಕ್ಕರು. ನಾನೂ ನಕ್ಕೆ. ಬೆಂದ ಹುಳದ ವಾಸನೆ ನಮಗೇನು ಮಲ್ಲಿಗೆಯೇ?

ಕೆಲಸ ಏನು ಅಂತ ಕೇಳಿದ್ದೆಯಲ್ಲ. ಹೀಗೆ ತಿಳಿದುಕೋ. ಕೆಲವು ಹರಳುಗಳ ಮೇಲೆ ಎಕ್ಸ್-ರೇ ಬಿಟ್ಟರೆ ಅವು ಸಣ್ಣಗೆ ಬೆಳಕು ಕೊಡುತ್ತವೆ. ಹರಳನ್ನು ಚೆನ್ನಾಗಿ ತಣ್ಣಗೆ ಮಾಡಿ, ನಿಧಾನವಾಗಿ ಬೆಚ್ಚಗೆ ಮಾಡುತ್ತ, ಆ ಬೆಳಕನ್ನು ಅಳೆಯುತ್ತ ಹೋಗಬೇಕು. ಗಟ್ಟಿ ವಸ್ತು ಗಟ್ಟಿಯಾಗಿಯೇ ಇದ್ದುಕೊಂಡು ಒಳಗಿನ ಜೋಡಣೆಯನ್ನು ಮಾತ್ರ ಬದಲಾಯಿಸಿಕೊಂಡರೆ, ಬೆಳಕು ಆ ಕ್ಷಣದಲ್ಲಿ ಸಟ್ಟನೆ ಏರುತ್ತದೆ ಅಥವಾ ಬೀಳುತ್ತದೆ. ಅದೇ ಸ್ಥಿತಿ ಬದಲಾವಣೆಯ ಗುರುತು. ರೇಷ್ಮೆಹುಳ ಗೂಡು ಕಟ್ಟುವಷ್ಟು ಹಣ್ಣಾಗಿದೆಯಾ ಎಂದು ಬೆಳಕಿಗೆ ಹಿಡಿದು ನೋಡುತ್ತೇವಲ್ಲ, ಸೀಳಿ ನೋಡುವುದಿಲ್ಲವಲ್ಲ, ಹಾಗೆ.

ಹರಳನ್ನು ಸೀಳಿ, ಉಜ್ಜಿ, ತಟ್ಟೆಯಲ್ಲಿಡುವುದು ನನ್ನ ಕೆಲಸ. ಅದನ್ನು ಒಳಗಿನ ಕೋಣೆಯ ಯಂತ್ರದಲ್ಲಿ ಕೂರಿಸುವವನು ಬಯ್ಯಪ್ಪ. ಸಾರ್ ಅವರು ಊರಿಂದ ಕರೆತಂದ ಅಟೆಂಡರ್. ನಾನು ಹೊರಗೆ ಕೂತು, ಕಾಗದದ ಮೇಲೆ ಪೆನ್ನು ಗೆರೆ ಎಳೆಯುವುದನ್ನು ನೋಡಬೇಕು. ಹೊಸಬರು ಒಳಕೋಣೆಗೆ ಹೋಗುವಂತಿಲ್ಲವಂತೆ.

ನಿನ್ನ
ಜಾಹಿದಾ

ಚಿಂತಾಮಣಿ
9 ಆಗಸ್ಟ್ 1986

ಲೇ ಜಾಹಿದಾ,

ಬೇಳೆಗೆ ಸಕ್ಕರೆಯಾ? ಥೂ. ಓದಿದ ಮೇಲೆ ಬಾಯಿ ಮುಕ್ಕಳಿಸಿ ಬಂದೆ.

ನನ್ನ ಲೆಕ್ಚರರ್‌ಗಿರಿ ಶುರುವಾಯಿತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಕ್ಲಾಸಿನಲ್ಲಿ ಹುರಿಗಾಳು ತಿಂದದ್ದಕ್ಕೆ ಈಗ ಶಿಕ್ಷೆ ಆಗುತ್ತಿದೆ. ಹಿಂದಿನ ಬೆಂಚಿನವರು ನನ್ನ ಕಣ್ಣೆದುರಿಗೇ ತಿನ್ನುತ್ತಾರೆ. ಅರ್ಧ ಕ್ಲಾಸಿಗೆ ತೆಲುಗಿನಲ್ಲಿ ಹೇಳಿದರೇ ತಲೆಗೆ ಹೋಗುವುದು. "ಮೇಡಂ, ಕಾಂತಿ ಅಂಟೇ ವೆಲುಗೇ ಕದಾ?" ಅಂತಾನೆ ಒಬ್ಬ. ಹೌದಪ್ಪಾ, ಬೆಳಕೇ, ಬರ್ಕೋ ಅಂದೆ.

ಮಂಚೇನಹಳ್ಳಿಯಿಂದ ಅಪ್ಪ ಬಂದು ಕಾಲೇಜನ್ನು ಹೊರಗಿನಿಂದಲೇ ನೋಡಿ ಹೋದರು. ಒಳಗೆ ಬಾ ಅಂದರೆ ಬರಲಿಲ್ಲ.

ಇಲ್ಲಿ ಎಲ್ಲರೂ ಮರ್ಯಾದೆಯಿಂದ ನೋಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನಗೇ ಅಂತ ಒಂದು ಲೋಟ ಇಟ್ಟಿದ್ದಾರೆ. ಅದರಲ್ಲಿ ಬೇರೆ ಯಾರೂ ಕಾಫಿ ಕುಡಿಯುವುದಿಲ್ಲ.

ನಿನ್ನ ಬೆಳಕು ಯಾವಾಗ ಜಿಗಿಯುತ್ತದೋ ಅವತ್ತೇ ಬರಿ.

ಅಶ್ವತ್ಥಮ್ಮ

ಪುಣೆ
14 ಡಿಸೆಂಬರ್ 1986

ಅಶ್ವತ್ಥೀ,

ನೀನು ಪುಣ್ಯವಂತೆ. ನಿನಗೇ ಅಂತ ಒಂದು ಲೋಟ! ನನಗೆ ಇಲ್ಲಿ ಕೂರಲು ಸ್ವಂತ ಕುರ್ಚಿಯೂ ಇಲ್ಲ. ಯಾರಾದರೂ ಎದ್ದು ಹೋದರೆ ಅದನ್ನೇ ಎಳೆದುಕೊಳ್ಳಬೇಕು.

ಜಿಗಿಯಿತು ಕಣೇ. ಕ್ಯಾಲ್ಸಿಯಂ ಫ್ಲೋರೈಡ್ ಹರಳು. ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಬಂದಾಗ, ಸುಮ್ಮನೆ ಇಳಿಯುತ್ತಿದ್ದ ಪೆನ್ನು ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಹಾರಿತು. ಈ ಹರಳಿಗೆ ಅಲ್ಲಿ ಯಾವ ಬದಲಾವಣೆಯೂ ಇಲ್ಲ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಇನ್ನೊಂದು ಚೂರು ಇಟ್ಟೆವು. ಅದೇ ಜಾಗ, ಅದೇ ಮೆಟ್ಟಿಲು. ನಾನು ಎದ್ದು ನಿಂತು ಕಿರುಚಿದ್ದಕ್ಕೆ ಬಯ್ಯಪ್ಪ ಕರೆಂಟು ಹೊಡೆಯಿತೆಂದು ಓಡಿ ಬಂದ.

ಸಾರ್ ಗೆರೆ ನೋಡಿದರು. ಕಾಗದವನ್ನು ಮೂಲೆಯಲ್ಲಿ ಎರಡು ಬೆರಳಿನಿಂದ ಹಿಡಿದುಕೊಂಡು, "ಇದು ಕೊಳೆ" ಅಂದರು. ಅದೇ ಹರಳಿನ ಚೂರುಗಳನ್ನು ನನ್ನ ಜೊತೆಯ ಇಲ್ಲಿನ ಹುಡುಗನೂ ಅಳೆಯುತ್ತಾನೆ. ಅವನ ಗೆರೆಯಲ್ಲಿ ಮೆಟ್ಟಿಲಿಲ್ಲ. ನನ್ನದರಲ್ಲಿ ಮಾತ್ರ ಇದೆ. "ಯಂತ್ರದಲ್ಲಿ ಏನಾದ್ರೂ ಇರಬಹುದಾ ಸಾರ್" ಎಂದು ಕೇಳಿದೆ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟರು.

ಇರಲಿ, ಇನ್ನೂ ಶುಚಿಯಾಗಿ ಮಾಡುತ್ತೇನೆ.

ಜಾಹಿದಾ

ಪುಣೆ
2 ಮಾರ್ಚ್ 1987

ಅಶ್ವತ್ಥೀ,

ಕೆಲಸ ಬಹಳ. ನಿನ್ನ ಎರಡೂ ಕಾಗದ ಬಂದವು. ಆರೋಗ್ಯವಾಗಿದ್ದೇನೆ. ಮಾಂಸ, ಮೀನು, ಮೊಟ್ಟೆ ಬಿಟ್ಟಿದ್ದೇನೆ. ತಲೆಗೆ ಎಣ್ಣೆಯನ್ನೂ ಹಚ್ಚುತ್ತಿಲ್ಲ. ರಂಜಾನಿಗೆ ಊರಿಗೆ ಬರುವುದಿಲ್ಲ. ನೀನು ಶಿಡ್ಲಘಟ್ಟದ ಕಡೆ ಹೋದರೆ ಅಮ್ಮಿಗೆ ಹೇಳು, ಪರೀಕ್ಷೆ ಇದೆಯಂತೆ ಅಂತ.

ಜಾಹಿದಾ

ಚಿಂತಾಮಣಿ
4 ಜೂನ್ 1987

ಕುಮಾರಿ ಜಾಹಿದಾ ಬೇಗಂ ಅವರಿಗೆ,

ರಂಜಾನಿನ ದಿನ ನಾನು ನಿಮ್ಮ ಮನೆಗೆ ಹೋಗಿದ್ದೆ. ನೀನು ಬರುತ್ತೀಯೆಂದು ಕೊನೆಯ ಬಸ್ಸಿನವರೆಗೂ ನಿನ್ನ ಅಮ್ಮಿ ಬಾಗಿಲಲ್ಲೇ ನಿಂತಿದ್ದರು. ಪರೀಕ್ಷೆ ಇದೆ ಎಂದು ನಾನು ನಿನ್ನ ಸುಳ್ಳನ್ನು ಹೇಳಿದೆ. "ರಂಜಾನ್ ದಿನ ಯಾರಮ್ಮಾ ಪರೀಕ್ಷೆ ಮಡಗ್ತಾರೆ?" ಅಂದರು. ನನಗೆ ಬಡಿಸಿ, ತಾವು ತಿನ್ನದೆ, ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಿನ್ನ ಪಾಲನ್ನೂ ನಾನೇ ತಿಂದೆ. ಹೊಟ್ಟೆ ಕೆಟ್ಟಿತು, ಅದರ ಪಾಪವೂ ನಿನಗೇ.

ಏನೇ ಇದು? ಮಾಂಸ ಬಿಟ್ಟಳಂತೆ, ಎಣ್ಣೆ ಬಿಟ್ಟಳಂತೆ. ಯಾವನೇ ಅವನು? ಹುಳಿಯನ್ನ ತಿನ್ನುವ ಯಾವನೋ ಒಬ್ಬನ ಮುಂದೆ ಒಳ್ಳೆಯವಳಾಗುವುದಕ್ಕೆ ತಾನೇ ಇದೆಲ್ಲ? ನೇರವಾಗಿ ಹೇಳಿದ್ದರೆ ನಗುತ್ತಿದ್ದೆ. ಅದು ಬಿಟ್ಟು ಹೆತ್ತವಳಿಗೆ ಸುಳ್ಳು ಹೇಳಿಸುತ್ತೀಯಲ್ಲ, ಅದೂ ನನ್ನ ಬಾಯಿಂದ.

ನಮ್ಮೂರ ವಾಸನೆ ನಿನಗೆ ಈಗ ಹೇಸಿಗೆಯಾಗಿದ್ದರೆ ಹಾಗೆಂದು ಬರಿ. ನನಗೂ ನಿನ್ನ ಮೇಲೆ ಹೇಸಿಗೆ ಬಂದಿದೆ.

ಅಶ್ವತ್ಥಮ್ಮ

ಪುಣೆ
19 ಸೆಪ್ಟೆಂಬರ್ 1987

ಅಶ್ವತ್ಥೀ,

ಮೂರು ತಿಂಗಳು ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಬೆರಳಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

ಯಾವನೂ ಇಲ್ಲ ಕಣೇ. ಇದ್ದಿದ್ದರೆ ಚೆನ್ನಾಗಿತ್ತು. ಇರುವುದು ನನ್ನ ಎರಡು ಕೈಗಳು. ಪ್ರತಿ ಸಲ ಮೆಟ್ಟಿಲು ಬಂದಾಗಲೂ ಸಾರ್ ಅದೇ ಮಾತು ಹೇಳಿದರು. ಕೊಳೆ. ಗ್ಲೌಸು ಹಾಕಿಕೊಂಡೆ, ಬಂತು. ಸೋಪು, ಸ್ಪಿರಿಟ್ಟು, ಬ್ರಷ್ಷು ಹಾಕಿ ಕೈ ಉಜ್ಜಿದೆ, ಬಂತು. ಕೊನೆಗೊಂದು ದಿನ ನನ್ನ ಜೊತೆಯವನ ಎದುರಿಗೇ ಹೇಳಿದರು: "ನಿನ್ನ ತಪ್ಪು ಅಂತ ನಾನು ಹೇಳಲ್ಲಮ್ಮ. ಹುಳ ಬೇಯಿಸಿದ ನೀರಲ್ಲಿ ತಲೆತಲಾಂತರ ಕೈ ಅದ್ದಿದ ಮನೆಯವರು. ತಿನ್ನೋದೂ ಅದೇ ಜಿಡ್ಡು. ಚರ್ಮದೊಳಗೇ ಸೇರಿರುತ್ತೆ. ಸೋಪಿಗೆ ಹೋಗೋದಲ್ಲ."

ನಾನು ಏನು ಮಾಡಿದೆ ಗೊತ್ತಾ? ನಂಬಿದೆ. ಅದಕ್ಕೇ ಮಾಂಸ ಬಿಟ್ಟೆ, ಎಣ್ಣೆ ಬಿಟ್ಟೆ. ರಂಜಾನಿಗೆ ಮನೆಗೆ ಬಂದರೆ ಅಮ್ಮಿಯ ಕೈ ಹಿಡಿಯಬೇಕಲ್ಲ, ಆ ಜಿಡ್ಡು ಮತ್ತೆ ಹತ್ತುತ್ತದೆ ಎಂದು ಬರಲಿಲ್ಲ. ತೋಬಾ, ನನ್ನ ತಾಯಿಯ ಕೈ! ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ಕಿತ್ತು ರಕ್ತ ಬಂತು. ಆಗ ಅವರು, ರಕ್ತದ ಕೈಯಲ್ಲಿ ಹರಳು ಮುಟ್ಟಬೇಡ ಎಂದರು.

ಜನವರಿಯಲ್ಲಿ ಕಮಿಟಿ ಕೂರುತ್ತದೆ. ನನ್ನ ಗೆರೆಗಳಲ್ಲಿರುವುದು ಬರೀ ಕೊಳೆ ಎಂದು ಅವರು ಬರೆದರೆ ನನ್ನನ್ನು ಮನೆಗೆ ಕಳಿಸುತ್ತಾರೆ. ನನಗೆ ಬೇಕಾದದ್ದು ಒಂದೇ, ಆ ಮೆಟ್ಟಿಲು ಏನು ಅಂತ ತಿಳಿಯಬೇಕು. ನನ್ನದೇ ಕೊಳೆಯಾದರೆ ಆಗಲಿ, ಆದರೆ ಯಾವ ಕೊಳೆ ಅಂತ ಯಾರಾದರೂ ತೋರಿಸಲಿ.

ಜಾಹಿದಾ

ಚಿಂತಾಮಣಿ
27 ಸೆಪ್ಟೆಂಬರ್ 1987

ನನ್ನವ್ವಾ ಜಾಹಿದಾ,

ಕಾಗದ ಓದಿ ಕ್ಲಾಸಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದು ಬರೆದುಕೊಟ್ಟು ಬಂದೆ. ಥೂ ಅವನ ಜನ್ಮಕ್ಕೆ. ಇನ್ನೂ ಕೆಟ್ಟದಾಗಿ ಬೈಯಬಲ್ಲೆ, ಮಂಚೇನಹಳ್ಳಿಯವಳು ನಾನು, ಆದರೆ ಈ ಕಾಗದ ಹೊಲಸಾಗುವುದು ಬೇಡ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ನನಗೇ ಅಂತ ಇಟ್ಟ ಲೋಟ ಎಂದು ಬರೆದಿದ್ದೆನಲ್ಲ, ನೀನು ಪುಣ್ಯವಂತೆ ಎಂದೆಯಲ್ಲ. ಅದರ ತಳಕ್ಕೆ ಉಗುರುಬಣ್ಣದ ಒಂದು ಬೊಟ್ಟು ಇಟ್ಟಿದ್ದಾರೆ ಕಣೇ. ಬೇರೆಯವರ ಲೋಟದ ಜೊತೆ ಕಲೆಯಬಾರದು ಅಂತ. ಬಾಯಲ್ಲಿ ಯಾರೂ ಏನೂ ಹೇಳಿಲ್ಲ, ಎಲ್ಲರೂ ನಗುನಗುತ್ತ ಮಾತಾಡಿಸುತ್ತಾರೆ. ಕೇರಿಯ ಹುಡುಗಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿ ಬಂದರೂ ಒಂದು ಬೊಟ್ಟಿನಲ್ಲಿ ಅವಳನ್ನು ಕೇರಿಗೇ ಕಳಿಸಬಹುದು. ಅಪ್ಪ ಕಾಲೇಜಿನ ಒಳಗೆ ಯಾಕೆ ಬರಲಿಲ್ಲ ಎಂದು ಆಮೇಲೆ ಹೊಳೆಯಿತು. ಅವರಿಗೆ ಮೊದಲೇ ಗೊತ್ತಿತ್ತು. ನಿನಗೆ ಇದನ್ನು ಬರೆಯಲು ನಾಚಿಕೆಯಾಗಿ, ಮರ್ಯಾದೆ ಎಂದು ಬರೆದೆ.

ಈಗ ನನ್ನ ಮಾತು ಕೇಳು. ಫಿಸಿಕ್ಸು ನಿನ್ನಷ್ಟು ನನಗೆ ಬರುವುದಿಲ್ಲ, ಆದರೆ ಇಂಥವರು ನನಗೆ ಗೊತ್ತು. ನಿನ್ನ ಮೈಯೇ ಕೊಳೆ ಎಂದುಕೊಂಡಿರುವ ಮನುಷ್ಯ, ನೀನು ಮುಟ್ಟಿದ ಹರಳನ್ನು ಹಾಗೇ ತನ್ನ ಒಳಕೋಣೆಗೆ ಬಿಟ್ಟುಕೊಳ್ಳುತ್ತಾನಾ? ಸಾಧ್ಯವೇ ಇಲ್ಲ. ನಾನು ಕುಡಿದಿಟ್ಟ ಲೋಟವನ್ನು ಕೂಡ ಇಲ್ಲಿನ ಅಟೆಂಡರ್ ನಾನು ಆಚೆ ಹೋದ ಮೇಲೆ ಇನ್ನೊಂದು ಸಲ ತೊಳೆಯುತ್ತಾನೆ. ನಿನ್ನ ತಟ್ಟೆಗೆ, ನೀನು ಆಚೆ ಹೋದ ಮೇಲೆ, ಏನು ಮಾಡುತ್ತಾರೆ ನೋಡು.

ಅಶ್ವತ್ಥಿ

ಪುಣೆ
22 ನವೆಂಬರ್ 1987

ಅಶ್ವತ್ಥೀ, ಅಶ್ವತ್ಥೀ,

ಎಲ್ಲಿಂದ ಶುರು ಮಾಡಲಿ? ಮೊದಲು ಆ ಲೋಟವನ್ನು ಗೋಡೆಗೆ ಬಿಸಾಡು. ಪುಣ್ಯವಂತೆ ಎಂದ ನನ್ನ ಬಾಯಿಗೆ ಹುಳ ಬೀಳಲಿ.

ನಾನು ನೇರವಾಗಿ ಬಯ್ಯಪ್ಪನನ್ನೇ ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ, ಅದರಲ್ಲಿ ಮುಚ್ಚಿಡುವಂಥದ್ದು ಇದೆಯೆಂದು ಅವನಿಗೆ ಗೊತ್ತೇ ಇಲ್ಲ. "ನೀವು ಮುಟ್ಟಿರೋದು ಅಲ್ವೇನಮ್ಮ, ಹಂಗೇ ಒಳಕ್ಕೆ ತಗೊಂಡೋದ್ರೆ ಅಯ್ಯನೋರು ಬಯ್ತಾರೆ. ಮಡಿ ನೀರು ಹುಯ್ದು, ನೆನೆಯಾಕಿ, ಆಮ್ಯಾಕೆ ತಗೊಂಡೋಗ್ತೀನಿ" ಅಂದ. ಮಡಿ ನೀರು ಯಾವುದೆಂದು ಕೇಳಿದರೆ, ಬಟ್ಟಿ ಇಳಿಸಿದ ನೀರಿನ ಜಾಡಿ ತೋರಿಸಿದ. ಆ ಹುಡುಗನ ಚೂರುಗಳನ್ನೂ ತೊಳೀತೀಯಾ ಅಂದೆ. "ಅವ್ರದ್ಯಾಕಮ್ಮಾ? ಅವ್ರು ಅಯ್ಯನೋರ ಪೈಕಿ" ಅಂದ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ವಾಂತಿ. ನಿಜವಾಗಿಯೂ ಹೋಗಿ ವಾಂತಿ ಮಾಡಿ ಬಂದೆ. ಬಾಯಿ ತೊಳೆಯುತ್ತಿರುವಾಗ ಹೊಳೆಯಿತು. ನೀರು!

ಸಾರ್ ದೆಹಲಿಗೆ ಹೋಗಿದ್ದರು. ಒಂದೇ ಹರಳನ್ನು ಸೀಳಿದೆ. ಒಂದು ಚೂರನ್ನು ಬರಿಗೈಯಲ್ಲಿ ಹಿಡಿದು, ಅವತ್ತು ಎಣ್ಣೆ ಹಚ್ಚಿಕೊಂಡೇ ಬಂದಿದ್ದ ತಲೆಗೆ ಒಮ್ಮೆ ಸವರಿ, ಬೇಕೆಂದೇ ಗಲೀಜು ಮಾಡಿ, ತೊಳೆಯದೆ ಇಡು ಎಂದೆ. "ಬ್ಯಾಡಮ್ಮ, ಪಾಪ ಬರ್ತದೆ" ಅಂದ ಬಯ್ಯಪ್ಪ. ಪಾಪ ನನಗಿರಲಿ ಇಡಪ್ಪಾ ಎಂದೆ. ಇಟ್ಟ. ಗೆರೆ ನೇರವಾಗಿ ಹೋಯಿತು, ಮೆಟ್ಟಿಲಿಲ್ಲ. ಆಮೇಲೆ ನಾನು ಮುಟ್ಟೇ ಇಲ್ಲದ, ಆ ಹುಡುಗನೇ ಸೀಳಿದ ಚೂರನ್ನು ಮಡಿ ನೀರಲ್ಲಿ ನೆನೆಸಿ ಇಡಿಸಿದೆ. ನೂರು ಡಿಗ್ರಿ ಕೆಳಗೆ ಪೆನ್ನು ಹಾರಿತು. ಅದೇ ಚೂರನ್ನು ಚೆನ್ನಾಗಿ ಕಾಯಿಸಿ ನೀರು ಓಡಿಸಿ ಮತ್ತೆ ಇಟ್ಟೆವು. ಮೆಟ್ಟಿಲು ಮಾಯ.

ಅರ್ಥವಾಯಿತಾ? ಹರಳಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿವೆ. ತೊಳೆದ ನೀರು ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೂ ಮಂಜುಗಡ್ಡೆ ಸುಮ್ಮನಿರುವುದಿಲ್ಲ. ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಅದರ ಒಳಜೋಡಣೆ ಬದಲಾಗುತ್ತದೆ, ಸುತ್ತಲಿನ ಹರಳನ್ನು ಹಿಂಡುತ್ತದೆ, ಹರಳಿನ ಬೆಳಕು ಜಿಗಿಯುತ್ತದೆ. ಬದಲಾಗುತ್ತಿದ್ದದ್ದು ಹರಳಲ್ಲ, ಅದರೊಳಗೆ ಸೇರಿದ ಚೂರೇ ಚೂರು ನೀರು. ಅಷ್ಟು ಸಣ್ಣದರ ಬದಲಾವಣೆಯೂ ಬೆಳಕಿಗೆ ಗೊತ್ತಾಗುತ್ತದೆ! ನನ್ನ ಕೊಳೆ ಎಲ್ಲೂ ಕಾಣಲೇ ಇಲ್ಲ ಕಣೇ, ಕಂಡದ್ದು ಅವರ ಮಡಿ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಇವತ್ತು ಮೆಸ್ಸಿನಲ್ಲಿ ಮೊಟ್ಟೆ ತಿಂದೆ, ಎರಡು. ಅಮ್ಮಿಗೂ ಬರೆದಿದ್ದೇನೆ.

ಜಾಹಿದಾ

ಚಿಂತಾಮಣಿ
6 ಡಿಸೆಂಬರ್ 1987

ಜಾಹಿದಾ,

ಸ್ಟಾಫ್ ರೂಮಿನಲ್ಲಿ ಓದಿ ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಏನಾಯ್ತು ಮೇಡಂ ಎಂದು ಕೇಳಿದರು. ನೀರು ಹೆಪ್ಪುಗಟ್ಟಿತು ಎಂದೆ. ಇವಳಿಗೆ ಹುಚ್ಚು ಎಂದುಕೊಂಡಿರಬೇಕು.

ಲೋಟ ಬಿಸಾಡಿಲ್ಲ. ಬಿಸಾಡಿದರೆ ಇನ್ನೊಂದಕ್ಕೆ ಬೊಟ್ಟಿಡುತ್ತಾರೆ. ಈಗ ಕಾಫಿಯನ್ನೇ ಬಿಟ್ಟಿದ್ದೇನೆ. ನನ್ನ ಧೈರ್ಯ ಅಷ್ಟೇ.

ಅದಕ್ಕೇ ನಿನಗೆ ಹೇಳುವುದು, ಹುಷಾರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಮಿಟಿಯ ಮುಂದೆ ನೀರಿನ ವಿಷಯ ಹೇಳು, ಮಂಜುಗಡ್ಡೆಯ ವಿಷಯ ಹೇಳು, ಗೆರೆ ತೋರಿಸು. ಯಾರು, ಯಾಕೆ ತೊಳೆಸಿದರು ಎಂಬುದನ್ನು ಮಾತ್ರ ನುಂಗಿಕೋ. "ಮಾದರಿಗಳನ್ನು ನೀರಿನಲ್ಲಿ ತೊಳೆಯಲಾಯಿತು" ಅಂತ ಬರೆದರೆ ಸಾಕು. ಪದವಿ ಕೈಗೆ ಬರಲಿ, ಆಮೇಲೆ ಉಗಿಯೋಣ. ಇಬ್ಬರೂ ಸೇರಿಯೇ ಉಗಿಯೋಣ.

ಅಶ್ವತ್ಥಿ

ಪುಣೆ
11 ಆಗಸ್ಟ್ 1988

ಅಶ್ವತ್ಥೀ,

ಕಮಿಟಿಯಲ್ಲಿ ಗೆದ್ದೆ ಎಂದು ತಂತಿ ಕೊಟ್ಟಿದ್ದೆನಲ್ಲ. ಅಲ್ಲಿ ನೀನು ಹೇಳಿದ ಹಾಗೇ ಮಾಡಿದೆ. ನೀರು ಎಂದೆ, ಮಂಜುಗಡ್ಡೆ ಎಂದೆ, ಉಳಿದದ್ದು ನುಂಗಿದೆ. ಎಲ್ಲರೂ ಭೇಷ್ ಅಂದರು, ಲೇಖನವಾಗಿ ಬರೆಯಿರಿ ಅಂದರು. ಸಾರ್ ಎದ್ದು ನಿಂತು, "ಇದು ನಮ್ಮ ಪ್ರಯೋಗಾಲಯದ ಶೋಧ" ಎಂದು ಕೋಟಿನ ಗುಂಡಿ ಹಾಕಿಕೊಂಡರು. ನನ್ನ ಕೊಳೆ ಒಂದೇ ಮಧ್ಯಾಹ್ನದಲ್ಲಿ ಅವರ ಶೋಧವಾಯಿತು. ನನಗೆ ಆಗ ಬಂದ ಹೇಸಿಗೆ ಹಿಂದೆಂದೂ ಬಂದಿರಲಿಲ್ಲ, ಅವರು ನನ್ನ ಚರ್ಮದ ಬಗ್ಗೆ ಮಾತಾಡಿದ ದಿನವೂ ಬಂದಿರಲಿಲ್ಲ.

ಲೇಖನ ಬರೆಯಲು ಕೂತಾಗ ನಿನ್ನ ವಾಕ್ಯವನ್ನೇ ಬರೆದೆ. "ಮಾದರಿಗಳನ್ನು ನೀರಿನಲ್ಲಿ ತೊಳೆಯಲಾಯಿತು." ಆದರೆ ಅದು ಸುಳ್ಳು ಕಣೇ. ಎಲ್ಲವನ್ನೂ ತೊಳೆದಿರಲಿಲ್ಲ. ಬೇರೆ ಊರಿನವರು ಅದನ್ನು ಓದಿ ಮಾಡಿದರೆ, ನಮ್ಮ ಅರ್ಧ ಗೆರೆಗಳಲ್ಲಿ ಮೆಟ್ಟಿಲು ಯಾಕೆ ಇಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಮಾಡಿದ್ದನ್ನು ಮಾಡಿದ ಹಾಗೇ ಬರೆಯಬೇಕು ಎಂದು ನೀನೂ ನಿನ್ನ ಹುಡುಗರಿಗೆ ಹೇಳುತ್ತೀಯಲ್ಲ. ಅದನ್ನು ಹೊಡೆದು ಹಾಕಿ ಬರೆದೆ: "ಎರಡನೇ ಲೇಖಕಿ ಮುಟ್ಟಿದ ಮಾದರಿಗಳನ್ನು ಮಾತ್ರ ನೀರಿನಲ್ಲಿ ತೊಳೆಯಲಾಯಿತು." ಎರಡನೇ ಲೇಖಕಿ ನಾನು. ಮೊದಲ ಲೇಖಕರು ಅವರು. ಅವರು ಮೊದಲ ಪುಟದಲ್ಲಿ ತಮ್ಮ ಹೆಸರಿನ ಕಾಗುಣಿತ ನೋಡಿ ಸಹಿ ಹಾಕಿದರು. ಒಳಗೆ ತಿರುಗಿಸಿಯೂ ನೋಡಲಿಲ್ಲ.

ಕಳೆದ ವಾರ ವಿಜ್ಞಾನ ಪತ್ರಿಕೆಯವರಿಂದ ಉತ್ತರ ಬಂತು. ಪರಿಶೀಲಕರು ಕೆಲಸವನ್ನು ಮೆಚ್ಚಿದ್ದಾರೆ, ಅಚ್ಚು ಹಾಕಬಹುದು ಎಂದಿದ್ದಾರೆ. ಒಂದೇ ಒಂದು ಪ್ರಶ್ನೆ: "ಎರಡನೇ ಲೇಖಕಿ ಮುಟ್ಟಿದ ಮಾದರಿಗಳನ್ನು ಮಾತ್ರ ತೊಳೆಯಲು ಕಾರಣವೇನು? ದಯವಿಟ್ಟು ತಿಳಿಸಿ."

ಸಾರ್ ಕರೆಸಿದರು. ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಏನಿದು ಅಸಹ್ಯ?" ಅಂದರು. ನೋಡು, ಅಸಹ್ಯ ಅವರಿಗಂತೆ! "ಪ್ರಯೋಗದ ವಿಧಾನ ಸಾರ್" ಎಂದೆ. "ಈ ವಾಕ್ಯ ತೆಗೆದುಹಾಕು" ಅಂದರು. ನಿನ್ನ ಮಾತೂ ನೆನಪಿಗೆ ಬಂತು, ಕೋಲು ಮುರಿಯುತ್ತದೆ ಎಂಬುದೂ ಕಣ್ಣಿಗೆ ಕಂಡಿತು. "ತೆಗೆದ್ರೆ ಇದನ್ನ ಯಾರೂ ಮತ್ತೆ ಮಾಡಕ್ಕಾಗಲ್ಲ ಸಾರ್. ತೊಳೆಸಿದ್ದು ನೀವು. ಕಾರಣ ನಿಮಗೇ ಗೊತ್ತು, ನೀವೇ ಬರೀರಿ" ಎಂದು ಪೆನ್ನು ಮುಂದೆ ಇಟ್ಟೆ.

ಆ ಪೆನ್ನನ್ನು ಅವರು ಮುಟ್ಟಲಿಲ್ಲ. ತಮ್ಮ ಜೇಬಿನಿಂದ ಸ್ವಂತ ಪೆನ್ನು ತೆಗೆದರು. ನನ್ನ ವಾಕ್ಯಕ್ಕೆ ಗೆರೆ ಎಳೆಯುತ್ತಾರೆ ಅಂದುಕೊಂಡೆ. ಎಳೆಯಲಿಲ್ಲ. ಮೊದಲ ಪುಟಕ್ಕೆ ತಿರುಗಿಸಿ ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. "ನನಗೂ ಇದಕ್ಕೂ ಸಂಬಂಧ ಇಲ್ಲ. ಬೇರೆ ಗೈಡ್ ನೋಡ್ಕೋ" ಎಂದು ಎದ್ದು ಹೋದರು.

ಹೀಗೆ, ಎರಡು ವರ್ಷದ ಮೇಲೆ ನಾನು ಈಗ ಗೈಡಿಲ್ಲದವಳು. ಪದವಿ ಯಾವಾಗಲೋ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಬೈಯುವುದಿದ್ದರೆ ಬೈದು ಬರಿ, ಕಾಯುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಕೂತು ಆ ವಾಕ್ಯದಿಂದ "ಎರಡನೇ" ಎಂಬ ಮಾತನ್ನು ಹೊಡೆದು ಹಾಕಿದೆ. ಪ್ರಶ್ನೆಯ ಕೆಳಗೆ, ಅವಳನ್ನು ಕೊಳೆ ಎಂದುಕೊಂಡಿದ್ದರಿಂದ, ಎಂದು ಬರೆದೆ. ಬರೆದು, ಲೇಖಕಿ ಎಂದಿರುವಲ್ಲಿ ನನ್ನ ಹೆಸರೊಂದನ್ನೇ ಸಹಿ ಹಾಕಿ, ಅಂಚೆಗೆ ಹಾಕಿ ಬಂದೆ.

ಜಾಹಿದಾ